ನೆಲದ ಸುದ್ದಿ

ಬಲಗೈಯನ್ನು ಮಣಿಕಟ್ಟಿನವರೆಗೂ ಆ ಕಂದು ಬಣ್ಣದ ಶೂವಿನೊಳಗೆ ತೂರಿಸಿ ಹಿಮ್ಮಡಿಯ ಗುಳಿ, ಪಕ್ಕದ ಹೊಲಿಗೆ, ಹೆಬ್ಬೆರಳು ಬಂದು ಕೂರುವ ಮೂಲೆ ಎಲ್ಲವನ್ನೂ ಬೆರಳ ತುದಿಯಿಂದ ತಡವಿ ನೋಡುತ್ತಿದ್ದಾಗ, ಬೆಳಗ್ಗೆ ಅಕ್ಕನಿಗೆ ಹೇಳಿದ ಸುಳ್ಳು ಅವಳಿಗೆ ಮತ್ತೆ ನೆನಪಾಯಿತು. ಸೇತುವೆಯ ಹತ್ತಿರ ಒದ್ದೆ ಮರಳಿತ್ತು ಎಂದಿದ್ದಳು. ಕಾಲಿಟ್ಟರೆ ಕರಕರ ಅನ್ನುತ್ತಿತ್ತು, ತಂಪು ಮೀನಖಂಡದವರೆಗೂ ಏರಿತು ಎಂದೂ ಸೇರಿಸಿದ್ದಳು. ಮರಳು ಇದ್ದದ್ದು ನಿಜ, ಕಣ್ಣಿಗೆ ಕಂಡಿತ್ತು. ಕಾಲಿಗೆ ಕಂಡಿರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತ ಅಕ್ಕ ಕಣ್ಣು ಮುಚ್ಚಿ, ತಲೆ ತುಸು ಓರೆ ಮಾಡಿ, ದೂರದ ರೇಡಿಯೊ ಕೇಳುವವಳ ಹಾಗೆ ಕೇಳಿಸಿಕೊಂಡು, "ಒದ್ದೆ ಮರಳು ಒಳ್ಳೇದು ಕಣೇ, ಒಣ ಮರಳು ಮೈಗಳ್ಳ, ಕಾಲೇ ಎತ್ತಿಸಲ್ಲ" ಎಂದಿದ್ದಳು. ಉಳಿದವರ ಮನೆಯಲ್ಲಿ ಬೆಳಗಾದರೆ ಪೇಪರು ಓದುತ್ತಾರೆ. ಅಕ್ಕನಿಗೆ ಮಾತ್ರ ತಂಗಿ ಓಡಿ ಬಂದ ಕೂಡಲೇ ನೆಲದ ಸುದ್ದಿ ಬೇಕು. ಎಲ್ಲಿ ಡಾಂಬರು ಹೊಸದು, ಎಲ್ಲಿ ಕಲ್ಲು ಎದ್ದಿದೆ, ಪಾರ್ಕಿನ ಹುಲ್ಲಿಗೆ ನೀರು ಬಿಟ್ಟಿದ್ದಾರೋ ಇಲ್ಲವೋ, ಎಲ್ಲ ಹೇಳಬೇಕು. ಹೇಳದಿದ್ದರೆ ಕಾಫಿ ಮುಟ್ಟುವುದಿಲ್ಲ.

ಸುಳ್ಳು ದೊಡ್ಡದೇನೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳು ಶೂವನ್ನು ಬೆಳಕಿಗೆ ಹಿಡಿದಳು. ಕಾಲಿನ ತೊಂದರೆ ಇರುವವರಿಗೆ ಮೆತ್ತನೆಯ ಒಳಅಟ್ಟೆ ಮಾಡಿ ಶೂವಿಗೆ ಕೂರಿಸಿ ಕೊಡುವ ಈ ಉದ್ದನೆಯ ಕೋಣೆಯಲ್ಲಿ ಅಂಟಿನ ವಾಸನೆ, ಉಜ್ಜುವ ಚಕ್ರದಿಂದ ಹಾರಿದ ಬಿಳಿ ಪುಡಿ, ಗೋಡೆಯುದ್ದಕ್ಕೂ ಸಾಲಾಗಿ ನಿಂತ ಪ್ಲಾಸ್ಟರಿನ ಪಾದಗಳು. ಹೊಸಬರು ಬಂದರೆ ಆ ಪಾದಗಳನ್ನು ನೋಡಿ ಬೆಚ್ಚುತ್ತಾರೆ. ಅವಳಿಗೆ ಅವು ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋದ ನೆಂಟರ ಹಾಗೆ. ಬರುವವರಲ್ಲಿ ಬಹಳ ಮಂದಿ ಸಕ್ಕರೆ ಕಾಯಿಲೆಯವರು, ಕಾಲಿನ ಅರಿವು ಸತ್ತವರು. ಅವರಿಗೆಲ್ಲ ಅವಳು ಹೇಳುವುದು ಎರಡೇ ಮಾತು: "ಕಾಲು ಹಾಕೋ ಮುಂಚೆ ಕೈ ಹಾಕಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಅಂಗಾಲಿನ ಹುಣ್ಣಿಗೆ ಬೇಕು, ದಿನಾ ಕನ್ನಡಿ ಹಿಡಿದು ನೋಡ್ಕೊಳ್ಳಿ." ಗಾದೆಯನ್ನು ಹೀಗೆ ತಿರುಗಿಸಿದ್ದಕ್ಕೆ ಅವರು ನಗುತ್ತಾರೆ, ನಕ್ಕದ್ದು ನೆನಪಿರುತ್ತದೆ. ಅಷ್ಟಕ್ಕೇ ಅವಳೂ ನಗಿಸುತ್ತಾಳೆ.

ಬೆಳಗ್ಗೆ ಸುದ್ದಿ ಹೇಳಿ ಮುಗಿಸಿ ಬಚ್ಚಲಿಗೆ ಹೋದಾಗ ಬಿಳಿ ಹಾಸುಗಲ್ಲಿನ ಮೇಲೆ ಕೆಂಪಗೆ ಅರ್ಧ ಹೆಜ್ಜೆ ಬಿದ್ದಿತ್ತು. ನೋಡಿದ ಕೂಡಲೇ ಅವಳು ಬಾಗಿಲಿಂದ ತಲೆ ಹೊರಗೆ ಹಾಕಿ, "ಅಕ್ಕಾ, ಕಾಲಿಗೇನಾದ್ರೂ ತಾಗಿಸ್ಕೊಂಡ್ಯಾ?" ಎಂದು ಕೂಗಿದ್ದಳು. "ಯಾವ ಕಾಲಿಗೆ? ಇರೋದಕ್ಕಾ, ಹೋಗಿದ್ದಕ್ಕಾ?" ಎಂದು ಅಕ್ಕ ಹಜಾರದಿಂದ ನಕ್ಕಳು. ಅಕ್ಕ ಇನ್ನೂ ಬಚ್ಚಲಿಗೇ ಬಂದಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಇನ್ನೊಂದು ಹೆಜ್ಜೆ ಇಟ್ಟಳು, ಇನ್ನೊಂದು ಕೆಂಪು ಅರ್ಧಚಂದ್ರ. ಬಕೆಟ್ಟಿನ ಅಂಚಿಗೆ ಎಡಗಾಲು ಎತ್ತಿಟ್ಟು ನೋಡಿದರೆ ಹೆಬ್ಬೆರಳಿನ ಕೆಳಗಿನ ಉಬ್ಬಿನಲ್ಲಿ ಗಾಜಿನ ಚೂರೊಂದು ತನ್ನ ಮನೆಯೇ ಎಂಬಂತೆ ಕೂತಿತ್ತು. ಕಿತ್ತಳು. ಕೀಳುವಾಗಲೂ ಆ ಕಾಲು ಬೇರೆ ಯಾರದೋ. ಬೆಳಗಿನ ಚಳಿ, ಮರಗಟ್ಟಿರಬೇಕು ಎಂದುಕೊಂಡು ಬಟ್ಟೆ ಸುತ್ತಿ, ನೀರು ಹುಯ್ದು ನೆಲ ತೊಳೆದು, ಕೆಲಸಕ್ಕೆ ತಡವಾಯಿತೆಂದು ಹೊರಟಿದ್ದಳು. ಚಳಿಯೇನೂ ಅಷ್ಟಿರಲಿಲ್ಲ.

ಶೂವಿನ ಹುಚ್ಚು ಅವಳಿಗೆ ಒಮ್ಮೆಲೇ ಹತ್ತಿದ್ದಲ್ಲ. ಮೊದಲು ಕೊಂಡದ್ದು ಪೇಟೆಯ ದೊಡ್ಡ ಅಂಗಡಿಯಲ್ಲಿ, ಹಿಮ್ಮಡಿಗೆ ದಿಂಬು ಕಟ್ಟಿದಂಥ ದಪ್ಪ ಶೂ. ಹಾಕಿಕೊಂಡು ಓಡಿದರೆ ಯಾರದೋ ಮನೆಯ ಹಾಸಿಗೆ ಮೇಲೆ ಕದ್ದು ಓಡಿದಂತಿತ್ತು. ನೆಲ ಎಲ್ಲೋ ಕೆಳಗೆ, ತಾನು ಎಲ್ಲೋ ಮೇಲೆ. ಅಕ್ಕನಿಗೆ ಹೇಳಲು ಸುದ್ದಿಯೇ ಸಿಗುತ್ತಿರಲಿಲ್ಲ. ಆಮೇಲಿನದು ತುಸು ತೆಳು. ಅದರಲ್ಲಿ ಆರೇಳು ತಿಂಗಳು ಬಹಳ ಸುಖವಾಗಿತ್ತು. ಡಾಂಬರಿನ ತರಿ, ಕಲ್ಲುಚಪ್ಪಡಿಗಳ ಸಂದು, ಮಣ್ಣಿನೊಳಗಿಂದ ಮೂಗು ಹೊರಹಾಕಿದ ಬೇರು ಎಲ್ಲವೂ ಒಂದೊಂದು ಮಾತಿನ ಹಾಗೆ ಕಾಲಿಗೆ ಬಂದು ಮುಟ್ಟುತ್ತಿದ್ದವು. ಮತ್ತೆ ಯಾಕೋ ಅದೂ ದಪ್ಪವೆನಿಸಿತು. ತಳ ಸವೆದಷ್ಟೂ ಚೆನ್ನಾಗಿ ತಿಳಿಯಬೇಕಿತ್ತು, ತಿಳಿಯುವುದು ಕಡಿಮೆಯಾಗುತ್ತ ಹೋಯಿತು. ಅದಕ್ಕೇ ಇನ್ನೂ ತೆಳು, ಅದಕ್ಕಿಂತಲೂ ತೆಳು. ಈಗ ಹಾಕುತ್ತಿರುವುದು ಸೌತೆಕಾಯಿ ಸಿಪ್ಪೆಯಷ್ಟು, ಸುರುಳಿ ಸುತ್ತಿದರೆ ಮುಷ್ಟಿಯಲ್ಲಿ ಅಡಗುತ್ತದೆ. ಭಾನುವಾರ ಜೊತೆಗೆ ಓಡುವ ಗುಂಪಿನಲ್ಲಿ ಎರಡು ಕೈಗೂ ವಾಚು ಕಟ್ಟುವ ಜೋಡಿಗಡಿಯಾರದ ಮನುಷ್ಯ, "ಮೇಡಂ, ಮುಂದಿನ ತಿಂಗಳು ಬರೀ ಲೇಸು ಕಟ್ಕೊಂಡು ಬಂದ್ಬಿಡಿ, ತೂಕ ಇನ್ನೂ ಕಮ್ಮಿ" ಎಂದಾಗ ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಳು. ಕಾಲು ನೆಲಕ್ಕೆ ಹತ್ತಿರ ಇರಬೇಕು, ಅದೇ ಸಹಜ, ಮಂಡಿಗೂ ಒಳ್ಳೆಯದು ಎಂದೆಲ್ಲ ವಾದ ಮಾಡಿದಳು. ವಾದ ಮಾಡುವಾಗ ತನ್ನ ಧ್ವನಿ, ಬಾಗಿಲು ಹಾಕಿಕೊಳ್ಳುತ್ತಿದ್ದಾರೆಂದು ಗೊತ್ತಾಗಿ ಹೊಸಿಲಲ್ಲಿ ಕಾಲು ಇಟ್ಟವರ ಧ್ವನಿಯ ಹಾಗೆ ತುಸು ಮೇಲಕ್ಕೆ ಹೋಗುವುದು ಅವಳಿಗೇ ಕೇಳಿಸುತ್ತಿತ್ತು. ಹಗಲೆಲ್ಲ ಊರವರ ಕಾಲಿಗೆ ಮೆತ್ತೆ ಕಟ್ಟುವವಳು ತನ್ನ ಕಾಲಿಗೆ ಏನೂ ಬೇಡವೆನ್ನುವುದು ಎಂಥ ಸೊಕ್ಕೋ ಎಂದು ಅವರು ಅಂದುಕೊಂಡಿರಬಹುದು. ಸೊಕ್ಕಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಅಂಟು ಒಣಗುವವರೆಗೆ ಒಳಅಟ್ಟೆ ಜಾರದಿರಲೆಂದು ಮುಂದಕ್ಕೊಂದು, ಹಿಮ್ಮಡಿಗೊಂದು ಸಣ್ಣ ಮೊಳೆ ಚುಚ್ಚಿಡುವುದು, ಮರುದಿನ ಕಿತ್ತು ತೆಗೆಯುವುದು ಇಲ್ಲಿನ ಕೆಲಸದ ರೀತಿ. ಕಿತ್ತ ಮೇಲೆ ಕೈ ಹಾಕಿ ನೋಡದೆ ಯಾರ ಶೂವನ್ನೂ ಅವಳು ಕೊಟ್ಟವಳಲ್ಲ, ಒಂದು ಜೊತೆ ಬಿಟ್ಟು. ಅದನ್ನು ಮನೆಗೇ ತಂದು ಮಾಡಿದ್ದಳು, ಅಕ್ಕನ ಅವಸರಕ್ಕೆ. "ಒಣಗಿದೆ ಕೊಡೇ, ನಿನ್ನ ಕೈಕೆಲಸಕ್ಕೆ ಮುಹೂರ್ತ ಬೇರೆ ನೋಡ್ಬೇಕಾ" ಎನ್ನುತ್ತ ಅಕ್ಕ ಆಗಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಹಿಮ್ಮಡಿಯ ಮೊಳೆ ಕಿತ್ತಳು. ಒಲೆಯ ಮೇಲೆ ಹಾಲು ಉಕ್ಕಿತು, ಓಡಿದಳು. ಬರುವಷ್ಟರಲ್ಲಿ ಅಕ್ಕ ಶೂ ಹಾಕಿಕೊಂಡು, "ಆಹಾ, ಮೋಡದ ಮೇಲೆ ನಡೆದ ಹಾಗಿದೆ" ಎಂದು ಹಜಾರದಲ್ಲಿ ರಾಣಿಯ ಹಾಗೆ ಒಂದು ಸುತ್ತು ಹಾಕಿ ತೋರಿಸಿದಳು. ಕೈ ಹಾಕಿ ನೋಡದೆ ಬಿಟ್ಟದ್ದು ತಮ್ಮವರದೆಂಬ ಸಲಿಗೆ, ಅಷ್ಟೆ. ಅಕ್ಕನ ಕಾಲಿನ ಅರಿವು ಸತ್ತು ಆಗಲೇ ಬಹಳ ಕಾಲವಾಗಿತ್ತು. ಆ ಮೋಡದಲ್ಲಿ ಮೊಳೆ ಇದ್ದದ್ದು ಅಕ್ಕನಿಗೆ ತಿಳಿಯಲಿಲ್ಲ, ಕಾಲು ಕಪ್ಪಾಗಿ ವಾಸನೆ ಬರುವವರೆಗೆ ಯಾರಿಗೂ ತಿಳಿಯಲಿಲ್ಲ. ಆಸ್ಪತ್ರೆಯವರು ಶೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವಳ ಕೈಗೆ ಕೊಟ್ಟರು. ಬಸ್ಸಿನ ಸೀಟಿನಲ್ಲಿ ಕೂತು, ಚೀಲದೊಳಗೇ, ಆವತ್ತು ಅವಳು ಕೈ ಹಾಕಿ ನೋಡಿದಳು. ಮೊಳೆಯನ್ನು ಕಿತ್ತು ಕಿಟಕಿಯಿಂದ ಹೊರಗೆ ಎಸೆದಳು. ಯಾವ ರಸ್ತೆಯಲ್ಲಿ ಎಸೆದೆನೆಂದು ಮನಸ್ಸು ಇವತ್ತಿಗೂ ಕೆಲವು ಸಲ ಹುಡುಕಿಕೊಂಡು ಹೋಗುತ್ತದೆ, ಯಾರದಾದರೂ ಕಾಲಿಗೆ ಹೋಗಿರಬಹುದೆಂದು.

ಹೊಸ ಶೂ ಕಚ್ಚಿರಬೇಕು ಎಂದರು ಡಾಕ್ಟರು. ಹಾಗೆಂದೇ ಉಳಿಯಿತು. ಒಂದು ಮಂಡಿಯ ಕೆಳಗೆ ಏನೂ ಇಲ್ಲದೆ ಮನೆಗೆ ಬಂದ ಅಕ್ಕ ಮೊದಲ ದಿನವೇ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಈಗ ನೋಡು, ನನಗೆ ಹಾಸಿಗೆ ಮಿಕ್ತು" ಎಂದಳು. ಗಾಲಿಕುರ್ಚಿ ಬಂದ ದಿನ, "ಕಾಲಿಗೆ ಚಕ್ರ ಕಟ್ಕೊಂಡಿದ್ದಾಳೆ ಅಂತ ಅಮ್ಮ ಬೈತಿದ್ಲಲ್ಲ, ಅವಳ ಬಾಯಿ ಹರಕೆ" ಎಂದಳು. ನಗಲಾರದೆ ಅಡುಗೆಮನೆಗೆ ಹೋಗಿ ನಿಂತ ತಂಗಿಯನ್ನು ಕೂಗಿ ಕರೆದು, "ಮನೇಲಿ ಕೂತು ನನ್ನ ಮುಖ ನೋಡಿದ್ರೆ ಹೋದ ಕಾಲು ಚಿಗುರಲ್ಲ. ಹೋಗು, ಹೊರಗೆ ಹೋಗಿ ಓಡು. ಬಂದು ನೆಲ ಹೇಗಿತ್ತು ಹೇಳು, ಸಾಕು" ಎಂದು ದಬ್ಬಿದ್ದೂ ಅವಳೇ. ಅವಳ ಓಟ ಶುರುವಾದದ್ದು ಹಾಗೆ. ಆವತ್ತಿನಿಂದ ದಿನಾ ಅವಳು ಹೊಸಿಲ ಬಳಿ ಕೂತು ಶೂ ಹಾಕಿಕೊಳ್ಳುವಾಗ ಒಳಗಿಂದ ಅಕ್ಕನ ಧ್ವನಿ ಬರುತ್ತದೆ: "ಕೈ ಹಾಕಿ ನೋಡಿದ್ಯೇನೇ?" ತಂಗಿಯ ಕಸುಬಿನ ಮಾತನ್ನು ತಂಗಿಗೇ ಹೇಳುವ ತಮಾಷೆ ಇರಬಹುದು. ಬೇರೇನೂ ಇರಬಹುದು. ಕೇಳಿದ ಮೇಲೆ ಅಕ್ಕ ಸುಮ್ಮನಾಗುತ್ತಾಳಲ್ಲ, ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಏನಿದೆಯೆಂದು ಇಷ್ಟು ವರ್ಷವಾದರೂ ಅವಳಿಗೆ ತಿಳಿದಿಲ್ಲ. "ನೋಡ್ದೆ ಅಕ್ಕಾ" ಎನ್ನುತ್ತಾಳೆ.

"ಏನಮ್ಮಾ, ಶೂ ಒಳಗೆ ಕೈ ಇಟ್ಕೊಂಡು ನಿದ್ದೆ ಹೋದ್ಯಾ?" ಎಂಬ ಮಾತಿಗೆ ಅವಳು ತಲೆಯೆತ್ತಿದಳು. ಕಂದು ಶೂವಿನ ಒಡೆಯ, ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದ ಮುದುಕ, ಎತ್ತರದ ಕುರ್ಚಿ ಹತ್ತಿ ಕೂತು ಬರಿಗಾಲು ಚಾಚಿದ್ದ. ಶೂ ಕೊಡುವ ಮುಂಚೆ ಇನ್ನೊಮ್ಮೆ ಕಾಲಿನ ಅರಿವು ನೋಡುವುದು ಕ್ರಮ. ಕೂದಲಿಗಿಂತ ತುಸು ದಪ್ಪನೆಯ ನೈಲಾನ್ ಎಳೆಯ ತುದಿಯನ್ನು ಅಂಗಾಲಿನ ಅಲ್ಲಲ್ಲಿ ಎಳೆ ಬಾಗುವಷ್ಟು ಒತ್ತಬೇಕು, ಕಣ್ಣು ಮುಚ್ಚಿ ಕೂತವರು ತಿಳಿದಾಗ ಹ್ಞಾಂ ಎನ್ನಬೇಕು. ಅವಳು ಎಳೆಯನ್ನು ಕೈಗೆ ತೆಗೆದುಕೊಳ್ಳುತ್ತಿದ್ದಾಗಲೇ ಮುದುಕ, "ಹ್ಞಾಂ" ಎಂದ.

"ಯಜಮಾನ್ರೇ, ನಾನಿನ್ನೂ ಮುಟ್ಟೇ ಇಲ್ಲ."

"ಗೊತ್ತಮ್ಮ," ಎಂದು ಅವನು ಕಣ್ಣು ತೆರೆಯದೆ ನಕ್ಕ. "ಟಿಕೆಟ್ ಇಲ್ದೋನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಕೊಂಡು ಕೂರ್ತಾನೆ. ಎಷ್ಟು ಜನರನ್ನ ಎಬ್ಬಿಸಿ ಹಿಡಿದಿದೀನಿ ನಾನು. ಈಗ ನನ್ನ ಸರದಿ, ಹಿಡಿ."

ಎಳೆಯನ್ನು ಒತ್ತಿದಲ್ಲೆಲ್ಲ ಮುದುಕ ಸುಮ್ಮನಿದ್ದ. ಸುಮ್ಮನೆ ಇರುವಾಗ ಅವನ ತುಟಿ ಮಾತ್ರ ಹ್ಞಾಂ ಎನ್ನಲು ತಯಾರಾಗಿ ನಿಂತಿರುತ್ತಿತ್ತು. ಕೋಣೆಯ ಆ ಕೊನೆಯಲ್ಲಿ ಪ್ಲಾಸ್ಟರು ಕಲಸುತ್ತಿದ್ದ ಅಚ್ಚಿನವಳು, ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಬಕೆಟ್ಟು ಹಿಡಿದು ಹತ್ತಿರ ಬಂದು, "ನಿಮ್ಮ ಶೂ ಪಕ್ಕ ಅದೇನ್ರೀ ಕಲೆ? ರಕ್ತ ಅಲ್ವಾ?" ಎಂದಳು. ಕಟ್ಟಿದ ಬಟ್ಟೆ ನೆನೆದು ರಕ್ತ ಹೊರಗೆ ಬಂದಿತ್ತು. "ಗಾಜು ಚುಚ್ಚಿತ್ತು, ಬೆಳಗ್ಗೆ." "ಅಯ್ಯೋ, ಇಷ್ಟು ಹೊತ್ತು ನಿಂತೇ ಇದೀರಲ್ರೀ. ನೋವಿಲ್ವಾ?" "ಇಲ್ಲ" ಎಂದಳು ಅವಳು, ಹಗುರಾಗಿ. ಬೇರೆ ಎಲ್ಲಿಯಾದರೂ ಅದು ಸಮಾಧಾನದ ಮಾತು. ಈ ಕೋಣೆಯಲ್ಲಿ ನೋವಿಲ್ಲ ಎಂಬುದಕ್ಕಿಂತ ಕೆಟ್ಟ ಮಾತಿಲ್ಲ. ಅಚ್ಚಿನವಳು ಮುದುಕನನ್ನು ನೋಡಿ, ಪ್ಲಾಸ್ಟರು ಗಟ್ಟಿಯಾಗುತ್ತದೆಂದು ಗೊಣಗುತ್ತ ಹೊರಟುಹೋದಳು.

ತನ್ನ ಕಾಲಿನ ಅರಿವನ್ನು ತಾನೇ ನೋಡಿಕೊಳ್ಳಲು ಬರುವುದಿಲ್ಲ. ಕಣ್ಣು ಮುಚ್ಚಿದರೂ ಒತ್ತುವ ಕೈ ಚಾಡಿ ಹೇಳುತ್ತದೆ. ಅಚ್ಚಿನವಳ ಹತ್ತಿರ ಕೇಳಿದರೆ ಸಂಜೆಯೊಳಗೆ ಎಲ್ಲರ ಮುಖದಲ್ಲೂ ಅಯ್ಯೋ ಪಾಪ. ಅವಳು ಇನ್ನೊಂದು ಸ್ಟೂಲು ಎಳೆದು ಮುದುಕನ ಎದುರು ಕೂತು, ಶೂ ಬಿಚ್ಚಿ, ಬಲಗಾಲನ್ನು ಅವನ ಕುರ್ಚಿಯ ಅಂಚಿಗೆ ಇಟ್ಟು, ಆಟಕ್ಕೆಂಬಂತೆ ಎಳೆಯನ್ನು ಅವನ ಕೈಗೆ ಕೊಟ್ಟಳು. "ನಿಮ್ಮನ್ನ ಹಿಡಿದದ್ದಾಯ್ತು. ಈಗ ನೀವು ನನ್ನ ಹಿಡೀರಿ, ಕಂಡಕ್ಟರೇ." ಮುದುಕನಿಗೆ ಬಹಳ ಖುಷಿಯಾಯಿತು. ಕನ್ನಡಕ ಸರಿಮಾಡಿಕೊಂಡ. ಅವಳು ಕಣ್ಣು ಮುಚ್ಚಿದಳು. ಕತ್ತಲೆಯಲ್ಲಿ ಉಜ್ಜುವ ಚಕ್ರ ತಿರುಗುವ ಸದ್ದು, ಅಂಟಿನ ವಾಸನೆ, ಮುದುಕನ ಉಸಿರು. ಮೀನಖಂಡದ ಮೇಲೆ ಫ್ಯಾನಿನ ಗಾಳಿ ಸ್ಪಷ್ಟವಾಗಿತ್ತು, ಪಾದದ ಹತ್ತಿರ ಬಂದದ್ದೇ ಅದು ಗಡಿ ಮುಟ್ಟಿದಂತೆ ನಿಂತುಹೋಗುತ್ತಿತ್ತು. ಕಾದಳು. ಸೇತುವೆಯ ಮರಳು ನೆನಪಾಯಿತು. ಈಗ ಒತ್ತಿರಬೇಕು ಅನ್ನಿಸಿತು, ಅಥವಾ ಒತ್ತಲಿ ಅನ್ನಿಸಿತು. "ಹ್ಞಾಂ" ಎಂದಳು.

"ಇನ್ನೂ ಇಲ್ಲ ತಾಯಿ," ಎಂದ ಮುದುಕ.

ಮತ್ತೆ ಕಾದಳು. ಅವನು ಎಳೆ ಹಿಡಿಯಲು ಬಾರದೆ ಒದ್ದಾಡುತ್ತಿರಬೇಕು, ವಯಸ್ಸಾಗಿದೆ, ಕೈ ನಡುಗುತ್ತದೆ ಎಂದು ಪಾಪ ಎನಿಸಿ, "ಹೆದರಬೇಡಿ, ಎಳೆ ಬಾಗೋವಷ್ಟು ಒತ್ತಬೇಕು" ಎಂದಳು. ಇನ್ನಷ್ಟು ಕಾದು ಅವಳು ಕಣ್ಣು ತೆರೆದಳು. ಮುದುಕ ಎಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಕನ್ನಡಕ ತೆಗೆದು ಒರೆಸುತ್ತ ಕೂತಿದ್ದ.

"ಎಲ್ಲಾ ಕಡೆ ಒತ್ತಿ ಆಯ್ತಮ್ಮ," ಎಂದ. ಆಮೇಲೆ ಅವಳ ಮುಖ ನೋಡದೆ, "ನನಗೆ ಸರಿಯಾಗಿ ಬರಲ್ಲವೇನೋ. ಅಭ್ಯಾಸ ಇಲ್ಲ" ಎಂದ. ಸೀಟಿನ ಕೆಳಗೆ ಅಡಗಿ ಕೂತವರನ್ನು ಹಿಡಿದೂ ಬಿಟ್ಟುಬಿಡುವ ದಿನಗಳು ಅವನ ನೌಕರಿಯಲ್ಲಿ ಇದ್ದಿರಬೇಕು. ಅವಳು ಶೂ ಹಾಕಿಕೊಂಡಳು. ಅವನ ಶೂವನ್ನು ತಾನೇ ಬಗ್ಗಿ ಹಾಕಿದಳು, ಹಾಕುವ ಮುಂಚೆ ಇನ್ನೊಮ್ಮೆ ಕೈ ಹಾಕಿ ನೋಡಿದಳು. ಹೋಗುವಾಗ ಮುದುಕ ಅವಳ ತಲೆಯ ಮೇಲೆ ಕೈ ಇಡಲೋ ಬೇಡವೋ ಎಂದು ಎತ್ತಿದ ಕೈಯನ್ನು ಹಾಗೇ ಬಾಗಿಲ ಹಿಡಿಕೆಗೆ ಕೊಂಡೊಯ್ದ.

ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರೆ ಜನ. ಅವಳಿಗೆ ಅದೇನೂ ಕುಸಿದಿರಲಿಲ್ಲ. ಹೇಳದೆ ಕೇಳದೆ, ಬೇಸರವಾದ ನೆಂಟರ ಹಾಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದುಕೊಂಡು ಹೋಗಿತ್ತು. ಅವಳು ಅದರ ಹಿಂದೆ ತೆಳ್ಳಗಿನ ಶೂ ಹಾಕಿಕೊಂಡು ಓಡಿದ್ದಳು. ಸಂಜೆ ಅಚ್ಚಿನವಳು ಕೈ ತೊಳೆದು ಹೊರಟ ಮೇಲೆ ಅವಳು ಕಪಾಟಿನಿಂದ ಕಾಲಿನ ಗುರುತು ತೆಗೆಯುವ ಫೋಮಿನ ಪೆಟ್ಟಿಗೆ ಇಳಿಸಿ, ಮುಚ್ಚಳ ತೆಗೆದು, ಗಾಯಕ್ಕೆ ಬೇರೆ ಬಟ್ಟೆ ಕಟ್ಟಿಕೊಂಡು, ಒಂದಾದ ಮೇಲೊಂದು ಕಾಲನ್ನು ಅದರ ಮೇಲೆ ಊರಿ ನಿಂತಳು. ಫೋಮು ಚರಚರ ಎಂದು ಒಳಗೆ ಕುಸಿಯುವುದು ಕಿವಿಗೆ ಕೇಳಿಸಿತು. ಎಷ್ಟೋ ಜನರ ಕಾಲನ್ನು ಹಿಡಿದು ಅದರಲ್ಲಿ ಊರಿಸಿದ್ದಳು. ತನ್ನವು ಇಷ್ಟು ಚಿಕ್ಕವೆಂದು ಗೊತ್ತಿರಲಿಲ್ಲ. ಕಿರುಬೆರಳು ಒಳಕ್ಕೆ ಬಾಗಿ ಪಕ್ಕದ ಬೆರಳ ಮರೆಯಲ್ಲಿ ನಿಂತಿತ್ತು, ಅಕ್ಕನದೂ ಹಾಗೇ ಇತ್ತು, ಹೋದ ಕಾಲಿನದು. ಗುರುತಿನ ಪಕ್ಕದಲ್ಲಿ ಗಿರಾಕಿಯ ಹೆಸರು ಬರೆಯುವ ಜಾಗವನ್ನು ಖಾಲಿ ಬಿಟ್ಟು ಪೆಟ್ಟಿಗೆಯನ್ನು ಎಲ್ಲದರ ಹಿಂದೆ ತಳ್ಳಿದಳು.

ಮನೆಗೆ ಬಂದಾಗ ಅಕ್ಕ ಒಣಗಿದ ಬಟ್ಟೆಯ ರಾಶಿಯನ್ನು ಮಡಿಲಿಗೆ ಹಾಕಿಕೊಂಡು ಮಡಿಸುತ್ತಿದ್ದಳು. ಅವಳು ಕೈಕಾಲು ತೊಳೆದು, ಸಾಕ್ಸು ಹಾಕಿಕೊಂಡು ಬಂದು ಎದುರು ಕೂತು ದಿಂಬಿನ ಚೀಲಗಳನ್ನು ಎತ್ತಿಕೊಂಡಳು. ಅಕ್ಕನ ಕಣ್ಣು ಸಾಕ್ಸಿನ ಮೇಲೆ ಹೋಗಿ ನಿಂತಿತು.

"ಮನೇಲೂ ಸಾಕ್ಸಾ?"

"ಚಳಿ."

"ಹ್ಞೂಂ. ಚಳಿ." ಅಕ್ಕ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ನಾಳೆ ಸೇತುವೆ ಕಡೆ ಬೇಡ ಕಣೇ. ರೈಲ್ವೆ ಹಳಿ ಪಕ್ಕ ಜಲ್ಲಿ ದಾರಿ ಇದೆಯಲ್ಲ, ಅಲ್ಲಿಗೆ ಹೋಗು. ಜಲ್ಲಿ ಸುದ್ದಿ ಕೇಳಿ ಬಹಳ ದಿನ ಆಯ್ತು."

"ಜಲ್ಲೀಲಿ ಏನಿರುತ್ತೆ ಹೊಸದು?"

"ನಿನಗೇನು ಗೊತ್ತು. ಸ್ಕೂಲಿಂದ ಬರೋವಾಗ ನಿನ್ನ ಚಪ್ಪಲಿ ಕಿತ್ತುಹೋಗಿತ್ತು ನೆನಪಿದೆಯಾ? ಮಟಮಟ ಮಧ್ಯಾಹ್ನ. ಸುಡುತ್ತೆ ಸುಡುತ್ತೆ ಅಂತ ರಸ್ತೆ ಮಧ್ಯೆ ರಾಗ ತೆಗೆದೆ. ನನ್ನದು ನಿನಗೆ ಕೊಟ್ಟು ನಾನು ಬರಿಗಾಲಲ್ಲಿ ನೆರಳಿಂದ ನೆರಳಿಗೆ ಮಂಗನ ಹಾಗೆ ಹಾರ್ಕೊಂಡು ಬಂದೆ. ನೀನು ದೊಡ್ಡ ಚಪ್ಪಲಿ ಹಾಕ್ಕೊಂಡು ಪಟಪಟ ಅಂತ ಹಿಂದೆ ನಗ್ತಾ ಬಂದೆ, ಕತ್ತೆ."

"ನೆನಪಿದೆ."

"ಆ ಬಿಸಿ ಇದೆಯಲ್ಲ," ಎಂದು ಅಕ್ಕ ಸೀರೆಯ ನೆರಿಗೆ ಬರಿದಾಗಿ ಇಳಿಬಿದ್ದ ಕಡೆ ನೋಡಿದಳು, "ಕಾಲು ಹೋದ್ರೂ ಅದು ಹೋಗಿಲ್ಲ ಕಣೇ. ಕೆಲವು ಸಲ ಮಧ್ಯಾಹ್ನ ಕೂತಿರೋವಾಗ ಬರುತ್ತೆ. ಖುಷಿಯಾಗುತ್ತೆ."

ಹೇಳಿಬಿಡಬಹುದಿತ್ತು. ಮೊಳೆಯನ್ನು ಹೇಳಿ ಆಮೇಲೆ ಎಳೆಯನ್ನು, ಅಥವಾ ಎಳೆಯನ್ನು ಹೇಳಿ ಆಮೇಲೆ ಮೊಳೆಯನ್ನು. ಒಂದನ್ನು ಹೇಳಿದರೆ ಇನ್ನೊಂದು ತಾನಾಗಿ ಕಿತ್ತುಕೊಂಡು ಬರುತ್ತಿತ್ತು. ಅಕ್ಕ ಬೈಯುತ್ತಿರಲಿಲ್ಲ, ಅದೇ ಕಷ್ಟ. ಒಂದು ತಮಾಷೆ ಮಾಡುತ್ತಿದ್ದಳು. ಆಮೇಲೆ ನಾಳೆಯಿಂದ ನೆಲ ಹೇಗಿತ್ತೆಂದು ಕೇಳುತ್ತಿರಲಿಲ್ಲ. ಬೆಳಗಾದರೆ ಇಬ್ಬರೂ ಎದುರುಬದುರು ಕೂತು ಪೇಪರು ಓದಬೇಕಾಗುತ್ತಿತ್ತು. ಅವಳು ಮಡಿಸಿದ ದಿಂಬಿನ ಚೀಲಗಳನ್ನು ಕಪಾಟಿಗೆ ಇಟ್ಟು, ಒದ್ದೆ ಬಟ್ಟೆಯ ತುಂಡು ಹಿಡಿದು ಬಾಗಿಲ ಬಳಿಗೆ ಹೋದಳು.

ಗೂಡಿನಲ್ಲಿ ಅಕ್ಕನ ಒಂಟಿ ಶೂವಿನ ಪಕ್ಕದಲ್ಲಿ ಅವಳ ತೆಳ್ಳಗಿನ ಜೋಡಿ ಇತ್ತು, ಎರಡು ಒಣ ಎಲೆಗಳ ಹಾಗೆ. ಹೊಸಿಲಲ್ಲಿ ಕೂತು ಎಡಗಾಲಿನದಕ್ಕೆ ಕೈ ಹಾಕಿದಳು. ಅಂಟಂಟಾದ ಕಲೆ, ಒಂದಿಷ್ಟು ಮರಳು, ಹೆಬ್ಬೆರಳ ಉಬ್ಬಿನ ಜಾಗದಲ್ಲಿ ಎಳ್ಳಿನಷ್ಟು ತೂತು. ತೋರುಬೆರಳು ಆ ತೂತನ್ನು ತಕ್ಷಣ ಕಂಡುಹಿಡಿಯಿತು, ಅದರ ಹರಿದ ಅಂಚು ಒಳಮುಖವಾಗಿ ಮಡಿಚಿದ್ದನ್ನೂ ಹೇಳಿತು. ಮರಳು ಒಣಗಿತ್ತು, ಸಣ್ಣಗಿತ್ತು, ನಡುವೆ ಒಂದು ಕಣ ಉಳಿದವುಗಳಿಗಿಂತ ದೊಡ್ಡದು. ಅವಳ ಬೆರಳಿಗೆ ತಿಳಿಯದ್ದು ಯಾವುದೂ ಇರಲಿಲ್ಲ. ಅವಳು ಬಹಳ ಹೊತ್ತು ಆ ಮರಳನ್ನು ಅಂಗೈಯಲ್ಲಿ ಹಾಕಿಕೊಂಡು ಉಜ್ಜುತ್ತ ಕೂತಳು.

ನಾಳೆ ಅಕ್ಕನ ಕಣ್ಣೆದುರು ಈ ಶೂವನ್ನೇ ಹಾಕಿಕೊಳ್ಳುವುದು. ಬೀದಿಯ ತಿರುವಿನಲ್ಲಿ ಬಿಚ್ಚಿ ಚೀಲಕ್ಕೆ ಹಾಕಿ, ಅಟ್ಟದಿಂದ ಇಳಿಸಿ ತಂದ ಆ ಹಳೆಯ ದಪ್ಪ ಶೂ ಹಾಕಿಕೊಳ್ಳುವುದು. ತನ್ನ ಒಳಅಟ್ಟೆಯನ್ನು ತಾನೇ ಉಜ್ಜಿ ಅದಕ್ಕೆ ಕೂರಿಸುವುದು. ಊಟದ ಬಿಡುವಿನಲ್ಲಿ ಡಾಕ್ಟರ ಹತ್ತಿರ ಹೋಗಿ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟು ಬರುವುದು. ಇನ್ನು ಓಡುವುದು ಬೇಡ. ಗಾಯ ಮಾಯುವವರೆಗೆ ಜಲ್ಲಿ ದಾರಿಯ ಮೊದಲ ಕಲ್ಲುಬೆಂಚಿನಾಚೆ ಹೋಗುವುದೂ ಬೇಡ. ಅಲ್ಲಿ, ನೋಡುವವರು ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾಳೆ ಎಂದುಕೊಳ್ಳುವಂತೆ ಕುಕ್ಕರುಗಾಲಲ್ಲಿ ಕೂತು, ಎರಡೂ ಅಂಗೈಗಳನ್ನು ಜಲ್ಲಿಯ ಮೇಲೆ ಊರಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಬಿಡುವುದು. ಚುಚ್ಚಿದಷ್ಟು ಹೊತ್ತು ಚುಚ್ಚಲಿ. ಸುದ್ದಿ ನೆಲದ್ದೇ ಆಗಿರುತ್ತದೆ.

"ಏನೇ ಮಾಡ್ತಿದೀಯ ಅಲ್ಲಿ ಇಷ್ಟು ಹೊತ್ತು?" ಎಂದು ಒಳಗಿಂದ ಅಕ್ಕ ಕೂಗಿದಳು.

"ಏನಿಲ್ಲ ಅಕ್ಕಾ. ಶೂ ಒರೆಸ್ತಿದೀನಿ."

"ಕೈ ಹಾಕಿ ನೋಡಿದ್ಯೇನೇ?"

ಒಂದು ಉಸಿರಿನಷ್ಟು ಹೊತ್ತು ಇಬ್ಬರೂ ಸುಮ್ಮನಿದ್ದರು.

"ನೋಡ್ದೆ," ಎಂದಳು ಅವಳು, ಅಂಗೈಯ ಮರಳನ್ನು ಹೊಸಿಲಾಚೆ ಕೊಡವುತ್ತ.